ಇಪ್ಪತ್ತನೇ ಗೂಡು

೧೬ ಜೂನ್ ೧೯೫೮, ಸೋಮವಾರ

ಇಪ್ಪತ್ತೆರಡು ವರ್ಷದಿಂದ ಗಣಿಯ ಗೇಟಿನ ಪುಸ್ತಕ ಬರೆಯುತ್ತಿದ್ದೇನೆ. ಯಾರು ಒಳಗೆ ಹೋದರು, ಯಾರು ಹೊರಗೆ ಬಂದರು, ಯಾರ ಮೈಮೇಲೆ ಏನು ಸಿಕ್ಕಿತು. ಅದು ಕಂಪನಿಯ ಪುಸ್ತಕ, ಅದರಲ್ಲಿ ಸಿಕ್ಕಿದ್ದನ್ನು ಮಾತ್ರ ಬರೆಯಬೇಕು, ಅನುಮಾನ ಬರೆಯುವಂತಿಲ್ಲ. ವರ್ಷದ ಮೊದಲಿಗೆ ಕಂಪನಿ ಕೊಟ್ಟ ಈ ಡೈರಿ ಆರು ತಿಂಗಳು ಖಾಲಿ ಬಿದ್ದಿತ್ತು. ಇವತ್ತಿನಿಂದ ಅನುಮಾನಕ್ಕೆ ಇದೊಂದು ಜಾಗ.

ಬೆಳಗಿನ ಬಂಗಾರಪೇಟೆ ರೈಲಿನಿಂದ ಊರಿಗಾಂ ಸ್ಟೇಷನ್ನಿನಲ್ಲಿ ಒಬ್ಬ ಇಳಿದ. ಬಿಳಿ ಪಂಚೆ, ಕರಿ ಕೋಟು, ಕೈಯಲ್ಲೊಂದು ಚೀಲ. ಪುಸ್ತಕದ ಭಾರಕ್ಕೆ ಭುಜ ಹಾಗೆ ಜಗ್ಗುವುದಿಲ್ಲ. ನಾನು ದಿನಕ್ಕೆ ಆರುನೂರು ಜನರ ಭುಜ ನೋಡುವವನು, ನನಗೆ ಹೇಳಿಕೊಡಬೇಕಾಗಿಲ್ಲ. ಚೀಲ ಕೆಳಗಿಟ್ಟಾಗ ಕಟಕಟ ಸದ್ದಾಯಿತು. ಕಲ್ಲು. ಈ ಊರಿನಿಂದ ಕಲ್ಲು ಹೊರಕ್ಕೆ ಸಾಗಿಸುವವರನ್ನು ಬೇಕಾದಷ್ಟು ಹಿಡಿದಿದ್ದೇನೆ, ಒಳಕ್ಕೆ ತರುವವನನ್ನು ಕಂಡದ್ದು ಇದೇ ಮೊದಲು.

ಸಂಜೆ ಮಗಳು ಕದಿರಿ ಹೇಳಿದಳು. "ಅಪ್ಪಾ, ಇಸ್ಕೂಲಿಗೆ ಒಸ ಮೇಷ್ಟ್ರು ಬಂದವ್ರೆ. ರಾಮಚಂದ್ರಪ್ಪ ಅಂತ. ಎಲ್ಲಾರೂ ಒಂದೊಂದು ಕಲ್ಲು ತರ್ಬೇಕಂತೆ."

ಮೇಷ್ಟ್ರಿಗೆ ಕಲ್ಲು ಯಾಕೆ? ಅದೂ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಗಣಿ ಕೂಲಿಗಳ ಮಕ್ಕಳ ಕೈಯಿಂದ? ಈ ಪ್ರಶ್ನೆ ಯಾರಿಗೂ ಬಂದಿಲ್ಲ. ನನಗೆ ಬಂದಿದೆ.

೨೦ ಜೂನ್, ಶುಕ್ರವಾರ

ಮುನೇಶ್ವರನ ಪೂಜೆ ಆಯಿತು. ನಮ್ಮ ಮನೆಯ ಮುನೇಶ್ವರ ಅಂದರೆ ಗೋಡೆಯ ದೇವರಗೂಡಿನಲ್ಲಿ ಅಪ್ಪ ಇಟ್ಟು ಪೂಜಿಸುತ್ತಿದ್ದ ದೊಡ್ಡ ನಿಂಬೆಹಣ್ಣಿನ ಗಾತ್ರದ ಕಲ್ಲು. ಮೂವತ್ತಾರು ವರ್ಷದ ಎಣ್ಣೆ, ಅರಿಶಿನ, ಹೊಗೆ ಮೆತ್ತಿ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಅವನನ್ನು ಉಜ್ಜಬಾರದು, ಉಜ್ಜಿದರೆ ಉಗ್ರನಾಗುತ್ತಾನೆ, ಮೇಲೆ ನೀರು ಚಿಮುಕಿಸಿ ಹೊಸ ಅರಿಶಿನ ಬಳಿಯಬೇಕು. ಇದು ಅಪ್ಪ ಮಾಡಿಟ್ಟ ಕಟ್ಟಳೆ. ಅಪ್ಪ ದೊಡ್ಡವೆಂಕಟಪ್ಪ ಗಣಿಯ ಆಳದಲ್ಲಿ ಬಂಡೆಗೆ ತೂತು ಕೊರೆಯುತ್ತಿದ್ದವನು. ಧೂಳು ಕುಡಿದು ಎದೆ ಕಟ್ಟಿ ತೀರಿಕೊಂಡ. ನಾನು ಗೇಟಿನ ಕೆಲಸಕ್ಕೆ ಸೇರಿದ ದಿನ ಅವನು ಒಂದು ಮಾತೂ ಆಡಲಿಲ್ಲ. ಸಂತೋಷಕ್ಕೆ ಬಾಯಿ ಕಟ್ಟಿತೆಂದುಕೊಂಡಿದ್ದೆ.

ತಪಾಸಣೆ ಕೋಣೆಯಲ್ಲಿ ಹೊಸಬ ಮುನಿಶಾಮಿಗೆ ಕೆಲಸ ಕಲಿಸುತ್ತಿದ್ದೇನೆ. ತಲೆಕೂದಲು, ಕಿವಿ, ನಾಲಗೆಯ ಅಡಿ, ಚಪ್ಪಲಿಯ ಹೊಲಿಗೆ. ಅವನು ಕೇಳಿದ. "ಅಣ್ಣೇ, ಕ್ಯಾರಿಯರ್‌ನಾಗೆ ತಿಂದು ಮಿಕ್ಕಿದ ಮುದ್ದೆ ಇರ್ತದಲ್ಲ, ಅದ್ನೂ ಮುರ್ದು ನೋಡ್ಬೇಕಾ?"

"ಎಂಜಲು ಮುಟ್ತೀಯೇನ್ಲಾ? ಮುಚ್ಚಳ ತೆಗ್ಸಿ ಬಗ್ಗಿ ನೋಡು, ಸಾಕು" ಅಂದೆ. ಈ ಗೇಟು ಆದಾಗಿನಿಂದ ನಡೆದುಬಂದ ರೀತಿ ಅದು. ಕಳ್ಳನಾದರೂ ಅನ್ನದೊಳಗೆ ಕಲ್ಲು ಹಾಕುವುದಿಲ್ಲ.

೨೩ ಜೂನ್

ಕದಿರಿಯ ಶಾಲೆಯ ಚೀಲ ಸುರಿದು ನೋಡಿದೆ. ಐದು ಕಲ್ಲು, ಒಂದು ಮೊಳೆ, ಒಡೆದ ಬಳೆ. ಹೆಂಡತಿ ಆದಿಲಕ್ಷ್ಮಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು.

"ಮಗೀನ ಚೀಲಾನೂ ಬುಡಲ್ವಾ ನೀವು? ಇದೇನು ಮನೇನಾ, ನಿಮ್ಮ ಗೇಟಾ? ನಾಳೆ ನನ್ನ ಸೆರಗೂ ಒದರ್ಸಿ ನೋಡಿ."

ಇವಳ ಬಾಯಿಗೆ ಬೀಗ ಮಾಡುವ ಕಮ್ಮಾರ ಇನ್ನೂ ಹುಟ್ಟಿಲ್ಲ. ಐದೂ ಕಲ್ಲನ್ನು ಬಿಸಿಲಿಗೆ ಹಿಡಿದು ನೋಡಿದೆ, ಹೊಳಪಿಲ್ಲ. ವಾಪಸು ಕೊಟ್ಟೆ. ಕದಿರಿ ಒಂದೊಂದನ್ನೂ ಎಣಿಸಿ ತೆಗೆದುಕೊಂಡಳು. ನನ್ನ ಮೇಲೇ ಅನುಮಾನ.

೫ ಜುಲೈ, ಶನಿವಾರ

ಇವತ್ತು ಶಾಲೆಗೇ ಹೋದೆ. ಮೇಷ್ಟ್ರು ಎದ್ದು ನಿಂತು ಕೈ ಮುಗಿದರು. "ಬನ್ನಿ ಜಮಾದಾರ್ರೇ. ಕದಿರಮ್ಮನ ತಂದೆ ಕೋದಂಡಪ್ಪನವರಲ್ವೇ?" ನನ್ನ ಹೆಸರು ಮೊದಲೇ ವಿಚಾರಿಸಿ ಇಟ್ಟುಕೊಂಡಿದ್ದಾರೆ. ಗಣಿಯ ಕಾವಲಿನವನ ಹೆಸರು ಯಾರಿಗೆ ಬೇಕಾಗುತ್ತದೆ?

ಮೇಜಿನ ಮೇಲೆ ಪೆಟ್ಟಿಗೆ. ಗಣಿಗೆ ಸಿಡಿಮದ್ದು ತುಂಬಿ ಬರುವ ಮರದ ಡಬ್ಬ, ಖಾಲಿಯಾದ ಮೇಲೆ ಇಲ್ಲಿ ಪ್ರತಿ ಮನೆಯಲ್ಲೂ ಒಂದೊಂದು ಇರುತ್ತದೆ. ಅದಕ್ಕೆ ಅಡ್ಡಪಟ್ಟಿ ಹೊಡೆದು ಇಪ್ಪತ್ತು ಗೂಡು ಮಾಡಿದ್ದಾರೆ. ಒಂದೊಂದು ಗೂಡಿಗೆ ಒಂದು ಕಲ್ಲು, ಒಂದು ಅಂಕಿ. ಬೆಣಚುಕಲ್ಲು, ಸುಣ್ಣಕಲ್ಲು, ಬಳಪದ ಕಲ್ಲು, ಕಾಗೆಬಂಗಾರ, ಕಬ್ಬಿಣದ ಅದಿರು. ಪಕ್ಕದ ಡಬ್ಬಿಯಲ್ಲಿ ಮೊಳೆ, ತಾಮ್ರದ ಕಾಸು, ಅಯಸ್ಕಾಂತ, ಭೂತಗನ್ನಡಿ, ಒಂದು ಪಿಂಗಾಣಿ ಬಿಲ್ಲೆ. ಯಾವ ಕಲ್ಲಾದರೂ ಮಕ್ಕಳು ಕೈಗೆತ್ತಿಕೊಳ್ಳಬೇಕು, ಮೊಳೆಯಿಂದ ಗೀಚಬೇಕು, ಬಿಲ್ಲೆಯ ಒರಟು ಬೆನ್ನಿನ ಮೇಲೆ ಉಜ್ಜಿ ಯಾವ ಬಣ್ಣದ ಗೆರೆ ಬೀಳುತ್ತದೆಂದು ನೋಡಿ ಹೆಸರು ಹೇಳಬೇಕು.

"ಕಲ್ಲಿನಾಗೆ ಕಲಿಯಾದೇನೈತೆ ಸ್ವಾಮಿ?"

"ಈ ಊರಿನ ಅನ್ನವೇ ಕಲ್ಲಿಂದ ಬರೋದು. ಮಕ್ಕಳು ಒಂದು ಕಲ್ಲಿನ ಹೆಸರಾದ್ರೂ ತಿಳೀಬೇಡ್ವೇ?"

ಏಳನೇ ಗೂಡಿನಲ್ಲಿ ಕಣ್ಣು ನಿಂತಿತು. ಹಳದಿ ಕಲ್ಲು, ಹಿತ್ತಾಳೆ ತಟ್ಟೆ ಬೆಳಗಿಟ್ಟ ಹಾಗೆ ಥಳಥಳ ಹೊಳೆಯುತ್ತಿತ್ತು. ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಕಳ್ಳ ಎಚ್ಚರಾಗುತ್ತಾನೆ.

ಇಪ್ಪತ್ತನೇ ಗೂಡು ಖಾಲಿ. ಅದರ ಮೇಲೆ 'ನಮ್ಮ ಊರು' ಅಂತ ಬರೆದಿತ್ತು.

"ಇದ್ಯಾಕೆ ಬರಿದು?"

"ನಿಮಗೆ ಗೊತ್ತಿಲ್ಲದ ಕಾನೂನೇ? ಚಿನ್ನದ ಅದಿರು ಯಾರ ಹತ್ರಾನೂ ಇರೋ ಹಾಗಿಲ್ಲ. ಅಪ್ಪ ದಿನಾ ಅಗೆಯೋ ಕಲ್ಲನ್ನ ಮಗು ಒಂದು ಸಲವೂ ನೋಡೋ ಹಾಗಿಲ್ಲ. ಅದು ಹಾಗೇ ಇರ್ಲಿ ಅಂತ ಬಿಟ್ಟಿದೀನಿ."

ಇಡುವ ಯೋಚನೆ ಇಲ್ಲದವನು ಗೂಡು ಮಾಡುವುದೇಕೆ? ತುಂಬಬೇಕೆಂದೇ ಮಾಡಿದ ಗೂಡು ಅದು.

೧೪ ಜುಲೈ, ಸೋಮವಾರ

ಪೆಟ್ಟಿಗೆ ನಮ್ಮ ಮನೆಗೇ ಬಂದಿದೆ. ವಾರಕ್ಕೊಬ್ಬ ಮಗು ಮನೆಗೆ ಒಯ್ಯಬೇಕಂತೆ, ಈ ವಾರ ಕದಿರಿಯ ಸರದಿ. ಕಾವಲಿನವನ ಮನೆಯಲ್ಲೇ ಬಚ್ಚಿಟ್ಟರೆ ಯಾರು ಹುಡುಕುತ್ತಾರೆ ಅನ್ನುವ ಉಪಾಯ ಇರಬೇಕು.

ಸಂಜೆ ಏಳನೇ ಕಲ್ಲನ್ನು ಎತ್ತಿ ಕೇಳಿದೆ, ಇದೇನು ಅಂತ.

"ಅದು ಚಿನ್ನ ಅಲ್ಲಪ್ಪ. ಪೈರೈಟ್ ಅಂತ. ನೋಡು." ಬಿಲ್ಲೆಯ ಮೇಲೆ ಉಜ್ಜಿದಳು. ಕರಿ ಗೆರೆ ಬಿತ್ತು. "ಚಿನ್ನ ಆಗಿದ್ರೆ ಗೆರೆನೂ ಅರಿಶಿಣದಂಗೆ ಬೀಳ್ತದಂತೆ. ಮೇಷ್ಟ್ರು ಏಳಿದ್ರು."

ಹೇಳದೆ ಇರುತ್ತಾರೆಯೇ? ಕಳ್ಳ ತನ್ನ ಮಾಲನ್ನು ಚಿನ್ನವೆಂದು ಒಪ್ಪಿಕೊಂಡದ್ದುಂಟೇ?

೧೬ ಜುಲೈ

ಕದಿರಿ ಮನೆಯ ಕಲ್ಲನ್ನೆಲ್ಲ ಗೀಚಿ ಮುಗಿಸಿದ್ದಾಳೆ. ರುಬ್ಬುವ ಗುಂಡು, ಒಲೆಗಲ್ಲು, ಬಚ್ಚಲ ಚಪ್ಪಡಿ. ಮೇಷ್ಟ್ರ ಬಿಲ್ಲೆ ಸವೆದೀತೆಂದು ಉಪ್ಪಿನಕಾಯಿ ಜಾಡಿಯ ಒಡೆದ ಬುಡ ತಂದಿಟ್ಟುಕೊಂಡಿದ್ದಾಳೆ, ಅದರ ಅಡಿಯೂ ಒರಟಂತೆ. ಜಾಡಿ ಒಡೆದವರು ಯಾರೆಂದು ಆದಿಲಕ್ಷ್ಮಮ್ಮ ಕೇಳುತ್ತಲೇ ಇದ್ದಾಳೆ.

ನಾನೂ ಬೆಲ್ಟಿನ ಬಕಲನ್ನು ಉಜ್ಜಿ ನೋಡಿದೆ. ಗೆರೆ ಸರಿಯಾಗಿ ಬೀಳಲಿಲ್ಲ. ಕಬ್ಬಿಣದ ಅದಿರು ಉಜ್ಜಿದರೆ ಕೆಂಪು ಬೀಳುತ್ತದೆ, ಕಲ್ಲು ನೋಡಲು ಕಪ್ಪು. ಇದು ವಿಚಿತ್ರ. ಹನ್ನೆರಡನೇ ಕಲ್ಲು ಉಗುರಿಗೇ ಪುಡಿಯಾಯಿತು. ಹದಿನೈದರ ತನಕ ನೋಡಿದೆ. ತನಿಖೆಗಾಗಿ ನೋಡಿದ್ದು.

೧೮ ಜುಲೈ, ಶುಕ್ರವಾರ

ಇವತ್ತು ಕದಿರಿ ತಾನೇ ಮುನೇಶ್ವರನಿಗೆ ನೀರು ಹಾಕುತ್ತೇನೆಂದಳು. ಕಲ್ಲು ಗೀಚುವ ಹುಡುಗಿಗೆ ಕಡೆಗಾದರೂ ಭಕ್ತಿ ಬಂತಲ್ಲ ಅಂತ ಸಂತೋಷವಾಯಿತು. ಹಿತ್ತಲಲ್ಲಿ ಬಹಳ ಹೊತ್ತು ಮಾಡಿದಳು. ಅರಿಶಿನ ದಪ್ಪಗೆ ಬಳಿದಿದ್ದಳು, ಕುಂಕುಮ ನಿಲ್ಲದೆ ಜಾರಿತು. ಒದ್ದೆಯಾಗಿದೆ ಅಂದಳು. ಮುನೇಶ್ವರ ಸ್ವಲ್ಪ ಓರೆಯಾಗಿ ಕೂತಿದ್ದ, ನೆಟ್ಟಗೆ ಮಾಡಿ ಕೈ ಮುಗಿದೆ. ಕಳ್ಳನನ್ನು ನನ್ನ ಕೈಗೆ ಕೊಡು ತಂದೆ ಅಂತ ಬೇಡಿಕೊಂಡೆ.

೨೧ ಜುಲೈ, ಸೋಮವಾರ

ಪೆಟ್ಟಿಗೆ ಶಾಲೆಗೆ ವಾಪಸು ಹೋಯಿತು. ನಾನು ಕಾವಲಿನ ಸಾಹೇಬರ ಬಳಿ ಹೋಗಿ ಏಳನೇ ಗೂಡಿನ ವಿಷಯ ಬರೆದು ಕೊಟ್ಟೆ. ಅವರು ಎರಡು ಸಲ ಓದಿದರು. "ಕೋದಂಡಪ್ಪ, ನೀನು ಹೇಳಿದರೆ ಸುಳ್ಳಾಗದು" ಅಂದರು.

೨೩ ಜುಲೈ, ಬುಧವಾರ

ಹಿಡಿದೆ.

ಸಾಹೇಬರು, ಠಾಣೆಯ ಇಬ್ಬರು, ನಾನು, ಮುನಿಶಾಮಿ ಶಾಲೆಗೆ ಹೋದೆವು. ಮಕ್ಕಳು ಎದ್ದು ನಿಂತರು. ಪೆಟ್ಟಿಗೆಯ ಮುಚ್ಚಳ ನಾನೇ ತೆಗೆದೆ. ಏಳನೇ ಕಲ್ಲು ಎತ್ತಿಕೊಟ್ಟೆ. ಆಮೇಲೆ ನೋಡಿದರೆ ಇಪ್ಪತ್ತನೇ ಗೂಡು ತುಂಬಿತ್ತು. ನೀಲಿ ಮಿಶ್ರಿತ ಬೂದು ಬೆಣಚುಕಲ್ಲು, ಅದರ ಸಂದಿನಲ್ಲಿ ಸಾಸಿವೆ ಸಾಸಿವೆಯಷ್ಟು ಹಳದಿ. ಗಣಿಯ ಒಳಗಿನ ಕಲ್ಲು, ಅದರಲ್ಲಿ ಸಂಶಯವಿಲ್ಲ. ನನ್ನ ಈ ಕೈಯಿಂದಲೇ ಎತ್ತಿದೆ.

ಮೇಷ್ಟ್ರ ಮುಖ ನೋಡಿದೆ. ಮುಖ ನೋಡಿ ಕಳ್ಳನನ್ನು ಹೇಳುವುದು ನನ್ನ ಕಸುಬು. ಅವರಿಗೆ ಮೊದಲು ಆಶ್ಚರ್ಯವಾಯಿತು. ಆಮೇಲೆ ಮಕ್ಕಳ ಸಾಲಿನ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಆಮೇಲೆ ಶಾಂತವಾಗಿಬಿಟ್ಟರು.

"ಇದೆಲ್ಲಿಂದ ಬಂತು?" ಸಾಹೇಬರು ಕೇಳಿದರು.

"ಪೆಟ್ಟಿಗೆ ನನ್ನದು. ಅದರಲ್ಲಿರೋದಕ್ಕೆ ನಾನೇ ಜವಾಬ್ದಾರಿ. ಮಕ್ಕಳನ್ನ ಏನೂ ಕೇಳ್ಬೇಡಿ."

ಅವರನ್ನು ರಾಬರ್ಟ್‌ಸನ್‌ಪೇಟೆ ಠಾಣೆಗೆ ಕರೆದೊಯ್ದರು. ಅಪರಾಧ ಒಪ್ಪಿಕೊಂಡ ಹಾಗೇ ಆಯಿತಲ್ಲ. ಮನೆಗೆ ಬಂದು ಎರಡು ಮುದ್ದೆ ಉಂಡೆ. ಕದಿರಿ ಉಣ್ಣಲಿಲ್ಲ.

೨೫ ಜುಲೈ, ಶುಕ್ರವಾರ

ಲೋಹ ಪರೀಕ್ಷೆಯವರ ಚೀಟಿ ಬಂತು. ಏಳನೇ ಕಲ್ಲು ಪೈರೈಟ್, ಕಾಸಿಗೂ ಬೇಡದ್ದು. ಇಪ್ಪತ್ತನೆಯದು ಅಪ್ಪಟ ಚಿನ್ನದ ಅದಿರು.

ಏಳನೆಯದು ಪೈರೈಟ್ ಎಂದು ನನಗೆ ಹನ್ನೊಂದು ವರ್ಷದ ಹುಡುಗಿ ಹೇಳಿದ್ದಳು. ಇರಲಿ. ಅನುಮಾನ ತಪ್ಪಿದರೂ ಕಳ್ಳ ಸಿಕ್ಕಿದನಲ್ಲ. ಮುನೇಶ್ವರನಿಗೆ ತೆಂಗಿನಕಾಯಿ ಒಡೆದೆ.

ಸಾಹೇಬರು ಕೈ ಕುಲುಕಿದರು. ಕೈ ಬಿಡುವ ಮೊದಲು ಕೇಳಿದರು. "ಆ ಕಲ್ಲು ಗಣಿಯಿಂದ ಹೊರಗೆ ಬಂದದ್ದಂತೂ ನಿಜ. ಯಾವ ಗೇಟಿನಿಂದ ಬಂತು ಕೋದಂಡಪ್ಪ?"

ಗೇಟು ನನ್ನದು.

೨೬ ಜುಲೈ

ಮುನಿಶಾಮಿ ಇರಬೇಕು. ಹೊಸಬ. ಎಂಜಲು ಮುದ್ದೆಯ ಬಗ್ಗೆ ಅವನೇ ಯಾಕೆ ಕೇಳಿದ?

೨೮ ಜುಲೈ, ಸೋಮವಾರ

ಪಾಳಿ ಮುಗಿದ ಮೇಲೆ ಮುನಿಶಾಮಿಯ ಪೆಟ್ಟಿಗೆ ತೆಗೆಸಿದೆ. ಎರಡು ಅಂಗಿ, ಅವನ ಹೆತ್ತವ್ವ ಮಾರಿಯಮ್ಮನ ಒಂದು ಫೋಟೋ. ಫೋಟೋದ ಚೌಕಟ್ಟನ್ನೂ ಬಿಚ್ಚಿಸಿದೆ. ಅವನು ಬಿಚ್ಚಿದ ಮೊಳೆಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಹಿಡಿದುಕೊಂಡ. ಹೋಗುವಾಗ ಅಂದ. "ನೀವು ಕಲ್ಸಿದ್ದೇ ಅಣ್ಣೇ. ಎಲ್ಲಾರ್ನೂ ನೋಡ್ಬೇಕು ಅಂತ. ಸರಿ."

ಅವನ ಮೇಲೆ ನನಗೆ ಈಗಲೂ ಅನುಮಾನವಿದೆ. ಆದರೆ ಆ ಚೌಕಟ್ಟು ಬಿಚ್ಚಿಸಬಾರದಿತ್ತು.

ಕದಿರಿಗೆ ಮೂರು ದಿನದಿಂದ ಜ್ವರ. ಜ್ವರದಲ್ಲಿ ಮೇಷ್ಟ್ರನ್ನು ಬಿಟ್ಟರಾ ಅಂತ ಕೇಳುತ್ತಾಳೆ. ಅವರನ್ನು ಕೆಲಸದಿಂದ ತೆಗೆದರಂತೆ, ಜೈಲಾಗುವುದು ಖಂಡಿತವಂತೆ. ಮಗಳಿಗೆ ಹೇಳಲಿಲ್ಲ.

೧ ಆಗಸ್ಟ್, ಶುಕ್ರವಾರ



ಆದಿಲಕ್ಷ್ಮಮ್ಮ ಮಗಳ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಇವತ್ತು ಮುನೇಶ್ವರನ ಪೂಜೆಗೆ ನಾನೇ ಕೈ ಹಾಕಿದೆ. ಗೂಡಿನಿಂದ ಎತ್ತಿ ಹಿತ್ತಲ ಕಲ್ಲಿನ ಮೇಲಿಟ್ಟು ಒಂದು ಚೆಂಬು ನೀರು ಹಾಕಿದೆ. ಅರಿಶಿನವೆಲ್ಲ ಒಂದೇ ಸಲಕ್ಕೆ ಹರಿದು ಹೋಯಿತು. ಮೂವತ್ತಾರು ವರ್ಷದ ಎಣ್ಣೆ ಜಿಡ್ಡು ಎಲ್ಲಿ? ಕೆಳಗೆ ಬರೀ ಬಿಳಿ ಬೆಣಚುಕಲ್ಲು, ಅದೂ ನಮ್ಮ ಹಿತ್ತಲ ಬೇಲಿಯ ಪಕ್ಕದ್ದು. ಅದರ ಮೂಲೆ ಒಡೆದದ್ದು ನನಗೆ ಗೊತ್ತು, ನನ್ನ ಸಲಿಕೆ ತಗುಲಿ ಒಡೆದದ್ದು.

ಎರಡು ಶುಕ್ರವಾರ ಈ ಕಲ್ಲಿಗೆ ಕೈ ಮುಗಿದಿದ್ದೇನೆ. ತೆಂಗಿನಕಾಯಿ ಒಡೆದಿದ್ದೇನೆ. ಆರುನೂರು ಜನರ ನಾಲಗೆಯ ಅಡಿ ನೋಡುವವನು ನಾನು.

ಒಳಗೆ ಹೋಗಿ ಕದಿರಿಯ ಹಾಸಿಗೆಯ ಬಳಿ ಕೂತೆ. ಕೇಳಬೇಕಾಗಲಿಲ್ಲ, ನನ್ನ ಕೈಯ ಕಲ್ಲು ನೋಡಿಯೇ ಅಳಲು ಶುರು ಮಾಡಿದಳು. ದಿಂಬಿನ ಕೆಳಗಿಂದ ಜಾಡಿಯ ಬುಡ ತೆಗೆದುಕೊಟ್ಟಳು. ಅದರ ಮೇಲೆ ಎಷ್ಟೋ ಗೆರೆ, ಕರಿಯದು, ಕೆಂಪು, ಬಿಳಿ. ನಡುವೆ ಒಂದು ಹಳದಿ.

"ಮನೇಲಿ ಮುನೇಶ್ವರ ಒಂದೇ ಉಳಿದಿತ್ತಪ್ಪ. ಸೀಗೆಕಾಯಿ ಆಕಿ ತೊಳ್ದು ಉಜ್ಜಿ ನೋಡ್ದೆ."

"ಅರಿಶಿಣದ ಬಣ್ಣ ಅದು" ಅಂದೆ. ಹಾಗಾಗಲಿ ಅಂತ ದೇವರನ್ನು ಬೇಡುತ್ತಿದ್ದೆ. ಯಾವ ದೇವರನ್ನೋ.

"ನಾನೂ ಅಂಗೇ ಅನ್ಕೊಂಡೆ. ಒದ್ದೆ ಬಟ್ಟೇಲಿ ಒರಸ್ದೆ. ಅರಿಶಿಣ ಆಗಿದ್ರೆ ಓಗ್ತಿತ್ತು. ಇದು ಓಗ್ಲಿಲ್ಲ."

ನಾನೂ ಪಂಚೆಯ ತುದಿ ಒದ್ದೆ ಮಾಡಿ ಒರೆಸಿದೆ. ಹೋಗಲಿಲ್ಲ.

"ಇಪ್ಪತ್ತನೇ ಗೂಡಲ್ಲಿ ಯಾಕಿಟ್ಟೆ ತಾಯೀ?"

"ಅದೊಂದೇ ಬರಿದಿತ್ತು. ಎಲ್ಲಾರ ಅಪ್ಪಂದಿರೂ ಅದ್ನೇ ಅಗೀತಾರೆ, ಯಾರೂ ನೋಡಿಲ್ಲ. ಒಂದ್ಸಲ ನೋಡ್ಲಿ ಅಂತ. ಆಮೇಲೆ ತಂದು ದೇವ್ರಗೂಡಲ್ಲಿ ಇಡಾನ ಅಂತಿದ್ದೆ. ಮೇಷ್ಟ್ರಿಗೂ ಏಳ್ಲಿಲ್ಲ. ನಿಂಗೆ ಏಳಾಕೆ ಭಯ ಆಯ್ತು."

ಹೆತ್ತ ಮಗಳಿಗೆ ನನ್ನ ಕಂಡರೆ ಭಯ.

ಮೇಷ್ಟ್ರು ಮಕ್ಕಳ ಸಾಲಿನ ಕಡೆ ನೋಡಿದ್ದು ಇವಳನ್ನೇ. ಹಿಂದಿನ ವಾರ ಪೆಟ್ಟಿಗೆ ಯಾರ ಮನೆಯಲ್ಲಿತ್ತೆಂದು ಅವರಿಗೆ ಗೊತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

೩ ಆಗಸ್ಟ್, ಭಾನುವಾರ

ಬಂಗಾರಪೇಟೆಗೆ ರೈಲು ಹಿಡಿದು, ಅಲ್ಲಿಂದ ಎರಡು ಮೈಲಿ ನಡೆದು ಊರಿಗೆ ಹೋದೆ. ಅವ್ವ ದೊಡ್ಡಮುನಿಯಮ್ಮ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ಕಣ್ಣು ಮಂಜು, ಕೈ ಮಾತ್ರ ಚುರುಕು.

"ಅವ್ವಾ, ಮುನೇಶ್ವರ ಎಲ್ಲಿಂದ ಬಂದಿದ್ದು?"

ಸುಲಿಯುವುದು ನಿಂತಿತು. "ಯಾರಾದ್ರೂ ಉಜ್ಜಿದ್ರಾ?" ಅಂತ ಕೇಳಿದಳು.

ಅಲ್ಲಿಗೆ ಗೊತ್ತಾಯಿತು. ಆದರೂ ಕೂತು ಕೇಳಿದೆ.

"ನಿಂಗೆ ಆಗ ಎಂಟು ವರ್ಷ. ಜ್ವರ ಬಂದು ಮಲಗಿದ್ದೆ. ನಿಮ್ಮಪ್ಪನ್ನ ದಿನಾ ಪೀಡಿಸ್ತಿದ್ದೆ. ಅಪ್ಪಾ, ನೀನು ಅಗಿಯೋ ಚಿನ್ನದ ಕಲ್ಲು ಎಂಗಿರ್ತದೆ, ಒಂದ್ಸಲ ತೋರ್ಸು ಅಂತ. ಅವ್ನು ತಡೀಲಾರ್ದೆ ಒಂದಿನ ತಂದ್ಬುಟ್ಟ. ಮುದ್ದೆ ಒಳಗೆ ಇಟ್ಟು. ಎಂಜಲು ಅಂತ ಗೇಟ್ನೋರು ಮುಟ್ಲಿಲ್ಲ. ಮನೆಗೆ ಬರೋಷ್ಟ್ರಲ್ಲಿ ನೀನು ನಿದ್ದೆ ಓಗಿದ್ದೆ. ಬೆಳಗಾಗೋಷ್ಟ್ರಲ್ಲಿ ಅವ್ನಿಗೆ ಪುಕುಪುಕು ಶುರುವಾಯ್ತು. ಮಗ ಬೀದೀಲಿ ಬಾಯಿ ಬುಟ್ರೆ ಜೈಲು ಅಂತ. ಅರಿಶಿಣ ಮೆತ್ತಿ ಗೂಡಲ್ಲಿಟ್ಟ. ಉಜ್ಜಬ್ಯಾಡಿ, ಉಗ್ರ ಆಯ್ತಾನೆ ಅಂದ."

"ಆಮೇಲಾದ್ರೂ ತೋರಿಸ್ಬೋದಿತ್ತಲ್ಲವ್ವ."

"ದೊಡ್ಡೋನಾಗ್ಲಿ, ತೋರುಸ್ತೀನಿ ಅಂತಿದ್ದ ಮಗಾ. ನೀನು ದೊಡ್ಡೋನಾಗಿ ಗೇಟಿಗೆ ಸೇರ್ಕಂಡೆ."

ನನಗೆ ಅಳು ಬಂತು. ನಲವತ್ನಾಲ್ಕು ವರ್ಷದ ಗಂಡಸು ಕಡಲೆಕಾಯಿ ಸಿಪ್ಪೆಯ ನಡುವೆ ಕೂತು ಅತ್ತೆ. ಅಪ್ಪ ನನಗೆ ತೋರಿಸಲೆಂದು ಪ್ರಾಣ ಒತ್ತೆಯಿಟ್ಟು ತಂದ ಕಲ್ಲನ್ನು ನಾನು ಒಂದೇ ಸಲ ಕಣ್ಣಿಟ್ಟು ನೋಡಿದ್ದು, ಅದನ್ನು ಕಳ್ಳಮಾಲು ಅಂತ ಎತ್ತಿ ಹಿಡಿದಾಗ.

೪ ಆಗಸ್ಟ್

ಬರೆಯಲೇಬೇಕು, ಇದು ಅನುಮಾನದ ಪುಸ್ತಕ. ಇವತ್ತು ನನ್ನ ಮೇಲೇ ಅನುಮಾನ.

ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮೇಷ್ಟ್ರು ಹೇಳುವುದಿಲ್ಲ, ಕದಿರಿ ಹೇಳುವುದಿಲ್ಲ, ಅವ್ವ ಮೂವತ್ತಾರು ವರ್ಷ ಹೇಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಕಂಪನಿಯ ಮನೆ ಹೋಗುತ್ತದೆ. ಅಪ್ಪನ ಹೆಸರನ್ನು ಕಳ್ಳರ ಪುಸ್ತಕದಲ್ಲಿ ನಾನೇ ಬರೆದ ಹಾಗಾಗುತ್ತದೆ. ಆ ಮೇಷ್ಟ್ರಿಗೆ ಹೆಂಡತಿ ಮಕ್ಕಳಿಲ್ಲ, ಜೈಲೇನು ಜೀವ ತೆಗೆಯುವುದಿಲ್ಲ ಅಂತಲೂ ಮನಸ್ಸು ಹೇಳಿತು. ಎಂಥ ಮನಸ್ಸು ನೋಡಿ.

ಆದಿಲಕ್ಷ್ಮಮ್ಮನಿಗೆ ಎಲ್ಲ ಹೇಳಿದೆ. ಅವಳು ಬೈಯುತ್ತಾಳೆಂದುಕೊಂಡಿದ್ದೆ. ಮೆಲ್ಲಗೆ ಅಂದಳು. "ಇಪ್ಪತ್ತೆರಡು ವರ್ಷ ಊರೋರ ಬಾಯಿ ತೆಗ್ಸಿದ್ದೀರ. ಈಗ ನಿಮ್ಮದು ಒಂದ್ಸಲ ತೆಗೀರಿ."

ಮಗಳು ಇವತ್ತೂ ಗಂಜಿ ಮುಟ್ಟಲಿಲ್ಲ.

೫ ಆಗಸ್ಟ್, ಮಂಗಳವಾರ

ಬರೆದು ಕೊಟ್ಟೆ. ಕಲ್ಲು ನಮ್ಮ ಮನೆಯದು, ನನ್ನ ತಂದೆ ತಂದದ್ದು, ನನ್ನ ಮಗಳು ತಿಳಿಯದೆ ಇಟ್ಟದ್ದು, ಮೇಷ್ಟ್ರಿಗೆ ಸಂಬಂಧವಿಲ್ಲ. ಸಾಹೇಬರು ನಂಬಲಿಲ್ಲ. "ಯಾರಾದರೂ ಹೆದರಿಸಿದರಾ?" ಅಂದರು. ಬೀರುವಿನಿಂದ ಕಲ್ಲು ತರಿಸಿ ಭೂತಗನ್ನಡಿ ಇಟ್ಟು ತೋರಿಸಿದೆ. ಸಂದುಗಳಲ್ಲಿ ಹಳೆಯ ಎಣ್ಣೆಜಿಡ್ಡು, ಕುಂಕುಮ ಇನ್ನೂ ಕೂತಿತ್ತು. ಮಗಳು ತೊಳೆದರೂ ಹೋಗದೆ ಉಳಿದದ್ದು. ಅವರು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಜಮಾದಾರಿಕೆಯ ಬಿಲ್ಲೆ ಕೇಳಿದರು, ಎದೆಯಿಂದ ಬಿಚ್ಚಿ ಮೇಜಿನ ಮೇಲಿಟ್ಟೆ.

೧೧ ಆಗಸ್ಟ್

ಮೇಷ್ಟ್ರನ್ನು ಬಿಟ್ಟರು. ಕದಿರಿ ಮೊಸರನ್ನ ಉಂಡಳು, ಎರಡನೇ ಸಲ ಹಾಕಿಸಿಕೊಂಡಳು.

೨೯ ಆಗಸ್ಟ್, ಶುಕ್ರವಾರ

ನನ್ನ ಮೇಲೆ ಕೇಸು ಹಾಕಲಿಲ್ಲ, ಸತ್ತವನ ಮೇಲೆ ಹಾಕಲಾಗುವುದಿಲ್ಲ. ಜಮಾದಾರಿಕೆ ಹೋಯಿತು. ಬೇಕಾದರೆ ಅದಿರು ಅರೆಯುವ ಗಿರಣಿಯಲ್ಲಿ ಕಲ್ಲು ಆರಿಸುವ ಕೂಲಿ ಇದೆ ಅಂದರು. ಒಪ್ಪಿಕೊಂಡೆ. ಕೂಲಿಗಳ ಸಾಲಿನಲ್ಲಿ ಒಂದು ಕೋಣೆ ಸಿಕ್ಕಿದೆ. ಅಪ್ಪನ ಕಲ್ಲನ್ನು ಗಿರಣಿಗೇ ಹಾಕಿದರಂತೆ, ಪುಡಿಯಾಗಿ ಹೋಗಿದೆ.

ಮೇಷ್ಟ್ರು ಮನೆ ಹುಡುಕಿಕೊಂಡು ಬಂದರು. ನಾನು ತಲೆ ಎತ್ತಲಿಲ್ಲ. ಅವರು ಪೆಟ್ಟಿಗೆ ಇಳಿಸಿ ಇಪ್ಪತ್ತನೇ ಗೂಡು ತೋರಿಸಿದರು. ಮತ್ತೆ ಖಾಲಿ.

"ಕದಿರಮ್ಮನ ಹತ್ರ ಒಂದು ಗೆರೆ ಇದೆಯಂತಲ್ಲ ಜಮಾದಾರ್ರೇ."

ಈಗಲೂ ಜಮಾದಾರ್ರೇ ಅನ್ನುತ್ತಾರೆ. ವ್ಯಂಗ್ಯವೇನೋ ಅಂತ ಮುಖ ನೋಡಿದೆ. ಅಲ್ಲ. ನನಗೆ ಮುಖ ಓದಲು ಬರುತ್ತದೆಂದು ಇನ್ನು ಮೇಲೆ ಹೇಳಿಕೊಳ್ಳುವುದಿಲ್ಲ, ಆದರೆ ಅದು ವ್ಯಂಗ್ಯವಲ್ಲ.

ಜಾಡಿಯ ಬುಡವನ್ನು ಕದಿರಿ ಆ ಗೂಡಿನಲ್ಲಿಟ್ಟಳು. ಬಾಗಿಲ ಬಿಸಿಲಿಗೆ ಹಿಡಿದು ನೋಡಿದೆ. ಬೆರಳುದ್ದದ ಗೆರೆ. ಅಪ್ಪ ನನಗೆ ತೋರಿಸಬೇಕೆಂದಿದ್ದದ್ದು ಇಷ್ಟು ಉಳಿದಿದೆ.

೧೫ ಸೆಪ್ಟೆಂಬರ್, ಸೋಮವಾರ

ಇವತ್ತು ಕೂಲಿಯ ಮೊದಲ ದಿನ. ಸಂಜೆ ಸಾಲಿನಲ್ಲಿ ನಿಂತೆ. ತಪಾಸಣೆ ಕೋಣೆಯ ನೆಲ ಇಷ್ಟು ತಣ್ಣಗೆಂದು ಇಪ್ಪತ್ತೆರಡು ವರ್ಷ ತಿಳಿದಿರಲಿಲ್ಲ, ನಾನು ಬೂಟು ಹಾಕಿರುತ್ತಿದ್ದೆ.

ಮುನಿಶಾಮಿಯ ಸರದಿ. ಅವನ ಮುಖ ಕಪ್ಪಿಟ್ಟಿತು. "ನೀವು ಓಗಿ ಅಣ್ಣೇ" ಅಂದ.

"ನಿನ್ನ ಪೆಟ್ಟಿಗೆ ತೆಗ್ಸಿದ್ದು ತಪ್ಪಾಯ್ತು ಕಣ್ಲಾ ಮುನಿಶಾಮಿ. ನಿಮ್ಮವ್ವನ ಫೋಟೋ ಬಿಚ್ಚಿಸ್ಬಾರ್ದಿತ್ತು. ಈಗ ನನ್ನ ನೋಡು. ಎಲ್ಲಾರ್ನೂ ನೋಡ್ದಂಗೆ ನೋಡು."

ತಲೆ ನೋಡಿದ, ಕಿವಿ ನೋಡಿದ, ಬಾಯಿ ತೆಗೆಸಿ ನೋಡಿದ. ಕ್ಯಾರಿಯರಿನ ಮುಚ್ಚಳ ತೆಗೆಸಿದ. ಮಧ್ಯಾಹ್ನ ಉಂಡು ಮಿಕ್ಕಿದ ಅರ್ಧ ಮುದ್ದೆ ಇತ್ತು. ಬಗ್ಗಿ ನೋಡಿ ಮುಚ್ಚಲು ಹೊರಟ.

"ಮುರ್ದು ನೋಡ್ಲಾ" ಅಂದೆ.

"ಎಂಜಲು ಅಣ್ಣೇ. ನೀವೇ ಏಳಿದ್ರಿ."

"ಏಳಿದ್ದು ತಪ್ಪು. ಮುರಿ."

ಅವನು ಎರಡು ಬೆರಳಿನಿಂದ ಮುದ್ದೆ ಮುರಿದ. ಒಳಗೆ ಏನೂ ಇರಲಿಲ್ಲ, ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ಅವನು ಮುರಿದು ಮುಗಿಸುವ ತನಕ ನನ್ನ ಎದೆ ಹೊಡೆದುಕೊಂಡಿತು. ಒಳಗೆ ಕಲ್ಲಿಟ್ಟುಕೊಂಡು ಇದೇ ನೆಲದ ಮೇಲೆ ಅಪ್ಪ ನಿಂತಿದ್ದ. ಮನೆಯಲ್ಲಿ ನನಗೆ ಜ್ವರವಿತ್ತು.